ಅಧ್ಯಕ್ಷರ ವಾಲ್ಯೂಮ್

ನನ್ನ ಸೌಂಡ್ ಮಿಕ್ಸರ್‌ನ ಬಲತುದಿಯಲ್ಲಿ ಕೆಂಪು ಟೊಪ್ಪಿಗೆಯ ಒಂದು ವಾಲ್ಯೂಮ್ ಗುಂಡಿ ಇದೆ. ಅದನ್ನು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಅದರ ಹಿಂದಿನ ವಾಯರನ್ನು ನಾನೇ ಕೈಯಾರೆ ಬಿಚ್ಚಿಟ್ಟು ವರ್ಷಗಳಾದವು. ಅದು ಇರುವುದು ಅಧ್ಯಕ್ಷರಿಗಾಗಿ.

ಯಾವ ಅಧ್ಯಕ್ಷರು ಎಂದು ಕೇಳಬೇಡಿ. ಬೆಳಗಾವಿಯಲ್ಲಿ ಧ್ವನಿವರ್ಧಕದ ದಂಧೆ ಮಾಡಿದವರಿಗೆಲ್ಲ ಗೊತ್ತು, ಅಧ್ಯಕ್ಷರಿಲ್ಲದ ಕಾರ್ಯಕ್ರಮ ಈ ಊರಿನಲ್ಲಿ ನಡೆದಿಲ್ಲ. ಗಣಪತಿ ಮಂಡಳಕ್ಕೆ ಅಧ್ಯಕ್ಷರು, ಭಜನಾ ಮಂಡಳಕ್ಕೆ ಅಧ್ಯಕ್ಷರು. ಮದುವೆಯಾದರೆ ಹುಡುಗಿಯ ಸೋದರಮಾವ ಯಾರೂ ಆರಿಸದಿದ್ದರೂ ತಾನೇ ಅಧ್ಯಕ್ಷ. ಇವರೆಲ್ಲ ಮಿಕ್ಸರ್ ಹತ್ತಿರ ಬಂದು ಹೇಳುವುದು ಒಂದೇ ಮಾತು: "ಆವಾಜ ಕಮ್ಮಿ ಐತಿ." ಕನ್ನಡದಲ್ಲಿ ಹೇಳಿದಾಗ ನಾನು ಮಿಸುಕದಿದ್ದರೆ ಅದನ್ನೇ ಮರಾಠಿಯಲ್ಲಿ ಹೇಳುತ್ತಾರೆ, "ಆವಾಜ ವಾಢವಾ." ಅವರು ಹೇಳಿದಷ್ಟು ಏರಿಸುತ್ತ ಹೋದರೆ ಸ್ಪೀಕರ್ ಸುಟ್ಟು ಹೊಗೆ ಬರುತ್ತದೆ. ಏರಿಸುವುದಿಲ್ಲ ಎಂದರೆ ಅವರ ಮಾನ ಹೋಗುತ್ತದೆ. ಆದ್ದರಿಂದ ಅವರಿಗೆ ಕೆಂಪು ಟೊಪ್ಪಿಗೆ ತೋರಿಸಿ, "ನೀವ ಒಂದೀಟು ತಿರುವ್ರಿ ಸರ್, ನಿಮ್ಮ ಕೈಗುಣ ಛಲೋ ಐತಿ" ಎನ್ನುತ್ತೇನೆ. ಅವರು ಎರಡು ಬೆರಳಿನಿಂದ ಹಗುರವಾಗಿ ತಿರುಗಿಸುತ್ತಾರೆ, ಕತ್ತು ಓರೆ ಮಾಡಿ ಆಲಿಸುತ್ತಾರೆ, ಮುಖ ಅರಳುತ್ತದೆ. "ಹಾಂ, ಈಗ ಬರೋಬ್ಬರಿ ಆತು!"

ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ಅವರಿಗೆ ನಿಜವಾಗಿಯೂ ಹೆಚ್ಚು ಕೇಳಿಸುತ್ತದೆ. ಇದನ್ನು ನೋಡಿ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕವನು ನನ್ನ ಹೆಂಡತಿಯ ತಮ್ಮ. ಮೀಸೆ ಮೂಡುವ ಮೊದಲೇ ನನ್ನ ಗಾಡಿ ಹತ್ತಿದವನು, ಈಗ ಎರಡು ಮಕ್ಕಳ ತಂದೆ. ನನ್ನ ಸೌಂಡ್ ಸಿಸ್ಟಮಿನ ಅರ್ಧ ಪಾಲುದಾರ. ಬಾಕ್ಸ್ ಎತ್ತುವುದು, ವಾಯರು ಎಳೆಯುವುದು, ಗಾಡಿ ಓಡಿಸುವುದು ಅವನದು. ಕಿವಿಯ ಕೆಲಸ ನನ್ನದು. ಹಾಗೆಂದು ನಾನು ತಿಳಿದುಕೊಂಡಿದ್ದೆ.

ಆ ದಿನ ಖಾನಾಪುರದಲ್ಲಿ ಹೊಸದಾಗಿ ಕಟ್ಟಿದ ಒಂದು ಮಂಗಲ ಕಾರ್ಯಾಲಯಕ್ಕೆ, ಅಂದರೆ ಮದುವೆಯ ಹಾಲಿಗೆ, ಸಿಸ್ಟಮ್ ಹೊಂದಿಸಿಕೊಡಲು ಹೋಗಬೇಕಿತ್ತು. ಬೆಳಿಗ್ಗೆ ಎದ್ದಾಗಲೇ ಮೈ ಭಾರ. ಇತ್ತೀಚೆಗೆ ದಿನವೂ ಹಾಗೆಯೇ. ಇಡೀ ಆಯುಷ್ಯ ಸಪ್ಪಳದಲ್ಲಿ ಕಳೆದವನಿಗೆ ನಿದ್ದೆಯಲ್ಲೂ ಕಿವಿಯೊಳಗೆ ಜೀರುಂಡೆ ಕೂಗುತ್ತಿರುತ್ತದೆ. ಮೆರವಣಿಗೆ, ಮದುವೆಯ ವರಾತ, ಭಾಷಣ, ಮತ್ತೆ ಮೆರವಣಿಗೆ. ಯಾರಾದರೂ ಮೈಕ್ ಹಿಡಿದು "ಹಲೋ ಚೆಕ್" ಅಂದರೆ ಸಾಕು, ಎದ್ದು ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತದೆ. ಆದರೆ ಬೇರೆ ಕೆಲಸ ಬರುವುದಿಲ್ಲ.

ಪೀರನವಾಡಿಯ ನಮ್ಮ ಮನೆ ಮುಂದೆ ಗಾಡಿ ಚಾಲೂ ಆದಾಗ ಹೆಂಡತಿ ಬಾಗಿಲಿಗೆ ಬಂದು ಕೂಗಿದಳು, "ಡಬ್ಬಿ ಒಯ್ರಿ ಅಂದ್ನಿ!" ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ನಾನು ಇಳಿದು ಹೋಗಿ ಬುತ್ತಿ ಡಬ್ಬಿ ತೆಗೆದುಕೊಂಡು ಬಂದೆ. ಮದುವೆಯಾದ ಹೊಸದರಲ್ಲಿ ಇವಳ ಮಾತು ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತಿತ್ತು. ನನ್ನ ತಾಯಿ, "ಈ ಹುಡುಗಿಗಿ ಬಾಯಿ ಐತೋ ಇಲ್ಲೋ" ಎಂದು ಕೇಳಿದ್ದುಂಟು. ಅಂಥವಳು ಈ ಎರಡು ಮೂರು ವರ್ಷದಲ್ಲಿ ಪೂರಾ ಬದಲಾಗಿದ್ದಳು. ಏನು ಹೇಳಿದರೂ ಹರಿತ, ಏನು ಹೇಳಿದರೂ ಗಿಡ್ಡ, ಕೊನೆಗೆ ಒಂದು "ಅಂದ್ನಿ".

"ನಿಮ್ಮಕ್ಕ ಯಾಕ ಹಂಗ ಒದರ್ತಾಳ ಅಂತೀನಿ?" ಎಂದು ಗಾಡಿಯಲ್ಲಿ ಅವಳ ತಮ್ಮನನ್ನು ಕೇಳಿದೆ.

ಅವನು ರಸ್ತೆಯ ಮೇಲೇ ಕಣ್ಣಿಟ್ಟು, "ಹಂಗೇನಿಲ್ರಿ ಮಾಮಾ" ಎಂದ.

ಕಾರ್ಯಾಲಯ ಚೆನ್ನಾಗಿತ್ತು, ಕಣ್ಣಿಗೆ. ಕಿವಿಗೆ ಅದರಷ್ಟು ಕೆಟ್ಟದ್ದು ಬೇರೆ ಇರಲಾರದು. ಕೆಳಗೆ ನುಣ್ಣನೆಯ ಗ್ರಾನೈಟ್, ಮೇಲೆ ತಗಡು, ಎರಡೂ ಬದಿಗೆ ಗಾಜು. ಒಂದು ಚಮಚ ಬಿದ್ದರೂ ಅದರ ಸದ್ದು ಹಾಲ್ ತುಂಬ ತಿರುಗಾಡಿ ಸುಸ್ತಾಗಿ ಎಲ್ಲೋ ಕೂರುತ್ತಿತ್ತು. ಕಟ್ಟುವಾಗ ಯಾರೂ ನಮ್ಮನ್ನು ಕೇಳುವುದಿಲ್ಲ. ಕಟ್ಟಿ ಮುಗಿದ ಮೇಲೆ, "ಮಾತು ತಿಳಿವಲ್ದು, ಏನರ ಮಾಡ್ರಿ" ಎಂದು ಕರೆಯುತ್ತಾರೆ.

ಮಾಡುವುದೆಲ್ಲ ಒಂದು ಚಪ್ಪಟೆ ಪೆಟ್ಟಿಗೆಯಲ್ಲಿ. ಮಿಕ್ಸರ್‌ನಿಂದ ಹೊರಟ ಧ್ವನಿ ನೇರವಾಗಿ ಆಂಪ್ಲಿಫೈಯರಿಗೆ ಹೋಗುತ್ತಿದ್ದ ಕಾಲ ಮುಗಿಯಿತು. ಈಗ ನಡುವೆ ಈ ಪೆಟ್ಟಿಗೆ ಕೂತಿರುತ್ತದೆ. ಕಂಪನಿಯವರು ಅದನ್ನು ಡಿಜಿಟಲ್ ಸಿಗ್ನಲ್ ಪ್ರೊಸೆಸರ್ ಎನ್ನುತ್ತಾರೆ, ನಾವು ಪ್ರೊಸೆಸರ್ ಎಂದಷ್ಟೇ ಅನ್ನುತ್ತೇವೆ. ಪಂಕ್ತಿಯಲ್ಲಿ ನಿಂತು ಬಡಿಸುವ ಹಿರಿಯಾಕೆಯ ಕೆಲಸ ಅದರದು. ದಪ್ಪ ಸದ್ದು ಕೆಳಗಿನ ಬೇಸ್ ಬಾಕ್ಸಿಗೆ, ಮಾತಿನ ಸದ್ದು ನಡುವಿನ ಸ್ಪೀಕರಿಗೆ, ತಾಳ, ಗೆಜ್ಜೆ, ಬಳೆಯಂಥ ತೆಳ್ಳಗಿನ ಸದ್ದು ಮೇಲಿನ ಪುಟ್ಟ ಟ್ವೀಟರಿಗೆ. ಯಾರಿಗೆ ಎಷ್ಟು, ಯಾರಿಗೆ ಯಾವಾಗ, ಯಾರೇ ಅಂಗಲಾಚಿದರೂ ಎಷ್ಟಕ್ಕಿಂತ ಹೆಚ್ಚು ಬಡಿಸಬಾರದು, ಇದನ್ನೆಲ್ಲ ಅದಕ್ಕೆ ಮೊದಲೇ ಹೇಳಿಕೊಡಬೇಕು. ಹೇಳಿಕೊಡುವುದು ಲ್ಯಾಪ್‌ಟಾಪಿನಲ್ಲಿ. ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಇರುತ್ತದೆ. ಎಡಕ್ಕೆ ದಪ್ಪ ಸದ್ದು, ಬಲಕ್ಕೆ ತೆಳ್ಳಗಿನದು. ಗೆರೆಯ ಮೇಲಿನ ಚುಕ್ಕೆಗಳನ್ನು ಹಿಡಿದು ಏರಿಸಬೇಕು, ಇಳಿಸಬೇಕು.

ಹಾಲ್ ಉದ್ದವಿದ್ದುದರಿಂದ ನಡುವಿನ ಕಂಬಗಳಿಗೂ ಸ್ಪೀಕರ್ ಕಟ್ಟಿದ್ದೆವು. ಇದರಲ್ಲಿ ಒಂದು ತೊಡಕಿದೆ. ಹಿಂದಿನ ಸಾಲಿನವನಿಗೆ ಕಂಬದ ಸ್ಪೀಕರಿನ ಮಾತು ಮೊದಲು ತಲುಪುತ್ತದೆ, ವೇದಿಕೆಯಿಂದ ಗಾಳಿಯಲ್ಲಿ ನಡೆದುಕೊಂಡು ಬರುವ ಅದೇ ಮಾತು ಆಮೇಲೆ ತಲುಪುತ್ತದೆ. ಒಂದೇ ಮಾತು ಎರಡು ಸಲ ಬಂದರೆ ಯಾವುದೂ ತಿಳಿಯುವುದಿಲ್ಲ. ಹಾಗಾಗಿ ಕಂಬದ ಸ್ಪೀಕರನ್ನು ಪ್ರೊಸೆಸರಿನಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಡೆದು ನಿಲ್ಲಿಸಬೇಕು, ಇದಕ್ಕೆ ಡಿಲೇ ಎನ್ನುತ್ತೇವೆ. ಎರಡೂ ಜೊತೆಯಾಗಿ ಬಂದು ಕಿವಿಗೆ ಬೀಳಬೇಕು. ನನಗೆ ಈ ಕೆಲಸವೆಂದರೆ ಇಂದಿಗೂ ಒಂದು ಹೆಮ್ಮೆ. ಮಾತು ಒಂದೇ ಸಲ ಬರಬೇಕು, ಆ ಒಂದೇ ಸಲಕ್ಕೆ ತಿಳಿಯಬೇಕು. ಈ ದಂಧೆಯ ಸಾರವೆಲ್ಲ ಇಷ್ಟೇ ಎಂದು ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಉಪದೇಶ ಮಾಡುತ್ತಿದ್ದವನು ನಾನು.

ಅಳತೆಯ ಮೈಕ್ ಇಟ್ಟು ಗೆರೆಯನ್ನು ಹೆಚ್ಚು ಕಡಿಮೆ ಸಪಾಟು ಮಾಡಿದೆವು. ಅಷ್ಟಕ್ಕೇ ಬಿಡುವ ಜನರೂ ಇದ್ದಾರೆ. ನಾನು ಬಿಡುವುದಿಲ್ಲ. ಕೊನೆಯ ಮಾತು ಕಿವಿಯದು. ನನ್ನ ಪರೀಕ್ಷೆಗೆ ಹಾಡು ಬೇಕಿಲ್ಲ, ಯಾರದಾದರೂ ಲಗ್ನಪತ್ರಿಕೆ ಸಾಕು. ಅಳಿಯ ವೇದಿಕೆಯ ಮೇಲೆ ನಿಂತು ಮೈಕಿನಲ್ಲಿ ಅದನ್ನು ಓದುತ್ತಾನೆ, ನಾನು ಸಾಲು ಸಾಲು ತಿರುಗಾಡುತ್ತ ಕೇಳುತ್ತೇನೆ. ಹೆಂಡತಿಯ ತಮ್ಮನನ್ನು ನಮ್ಮ ಕಡೆ ಅಳಿಯ ಎಂದೇ ಕರೆಯುವುದು. ಅಂದು ಅವನು, "ಸಹಕುಟುಂಬ ಸಹಪರಿವಾರ ಸಮೇತ" ಎಂದು ಓದಿದ. ನನಗೆ ಆ ಮಾತು ಕಂಬಳಿಯೊಳಗಿನಿಂದ ಬಂದ ಹಾಗೆ ಕೇಳಿಸಿತು.

"ಮಬ್ಬ ಐತಿ, ಸೀಳಿ ಬರವಲ್ದು" ಎಂದು ಬಲತುದಿಯ ಚುಕ್ಕೆಗಳನ್ನು ಏರಿಸಿದೆ. ಮತ್ತೆ ಓದಿಸಿದೆ, ಮತ್ತೆ ಏರಿಸಿದೆ.

"ಈಗ ಹೆಂಗೈತಿ?"

"ಬರೋಬ್ಬರಿ ಆತ್ರಿ ಮಾಮಾ."

ನಾನು ಕೇಳಿ ಮುಗಿಸುವ ಮೊದಲೇ ಅವನ ಉತ್ತರ ಬಂದಿತ್ತು. ಆಗ ಅದು ಗಮನಕ್ಕೆ ಬರಲಿಲ್ಲ.

ಎದುರಿನ ಅಂಗಡಿಗೆ ಚಹಾಕ್ಕೆ ಹೋದೆ. ಅವನು ವಾಯರು ಸುತ್ತಿ ಬರುತ್ತೇನೆ ಎಂದ. ಯಾವಾಗಲೂ ಹಾಗೆಯೇ ಅನ್ನುತ್ತಿದ್ದ. ಫೋನಿನಲ್ಲಿ ಯಾವುದೋ ಸಂದೇಶ ಬಂತು, ಓದಲು ನೋಡಿದರೆ ಚಾಳೀಸು ಮಿಕ್ಸರ್ ಹತ್ತಿರವೇ ಉಳಿದಿತ್ತು. ಚಹಾ ಕಾಯುವಷ್ಟರಲ್ಲಿ ತರೋಣವೆಂದು, ಅಡುಗೆಯವರು ಪಾತ್ರೆ ತೊಳೆಯುವ ಹಿಂದಿನ ಬಾಗಿಲಿನಿಂದ ಒಳಗೆ ಬಂದೆ.

ಅವನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಹತ್ತಿರದ ಅಕ್ಷರಕ್ಕೆ ನನಗೆ ಚಾಳೀಸು ಬೇಕು, ದೂರದ್ದು ಸ್ವಚ್ಛ ಕಾಣುತ್ತದೆ. ನಾನು ಏರಿಸಿದ ಚುಕ್ಕೆಗಳನ್ನು ಅವನು ಒಂದೊಂದಾಗಿ ಕೆಳಗೆ ಎಳೆಯುತ್ತಿದ್ದ. ಹುಡುಕಾಟವಿಲ್ಲ, ಅನುಮಾನವಿಲ್ಲ. ದಿನವೂ ಮಾಡುವವನ ಕೈ ಅದು.

"ಏನ್ ಮಾಡಾಕತ್ತಿ?"

ಕೈ ನಿಂತಿತು. ಅವನು ಹಿಂತಿರುಗಲಿಲ್ಲ.

"ಜರಾ ಇಳಸಾಕತ್ತೀನ್ರಿ. ಕಿವ್ಯಾಗ ಸೂಜಿ ಚುಚ್ಚಿದಂಗ ಆಗತಿತ್ತು."

"ಈಗ ಬರೋಬ್ಬರಿ ಐತಿ ಅಂದಿ ಅಲ್ಲ?"

ಅವನು ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದ.

"ಇವತ್ತ ಅಷ್ಟನೋ, ಮದ್ಲಿಂದೂನೋ?"

"ಹ್ವಾದ ವರ್ಷ ಗಣಪತಿ ಮುಗದ ಮ್ಯಾಲಿಂದ್ರಿ. ನೀವು ಚಾಕ್ಕ ಹೋದಾಗ."

"ಎಲ್ಲಾ ಕಡೇನೂ?"

"ಎಲ್ಲಾ ಕಡೆ ಅಲ್ರಿ ಮಾಮಾ. ಹಾಲಿನ್ಯಾಗ ಅಷ್ಟ. ಬೈಲಾಗಾದ್ರ ನಡೀತೈತಿ."

ಬಯಲಿನಲ್ಲಾದರೆ ನಡೆಯುತ್ತದೆ! ಅವನು ನನಗೆ ಸಮಾಧಾನ ಹೇಳುತ್ತಿದ್ದ. ಅದಕ್ಕೇ ಹೆಚ್ಚು ಸಿಟ್ಟು ಬಂತು.

"ಮತ್ತ ನನಗ ಹೇಳಾಕ ಏನಾಗಿತ್ತು ಧಾಡಿ?"

ಆಗ ಅವನು ತಿರುಗಿದ. "ಅಕ್ಕ ಬ್ಯಾಡ ಅಂದ್ಲರಿ. ಕಿವಿ ಹೋಗೇತಿ ಅಂತ ತಿಳೀತಂದ್ರ ಅವರು ಕೆಲಸಾನ ಬಿಡತಾರ, ಕೆಲಸಾ ಬಿಟ್ರ ಮನ್ಯಾಗ ಕುಂತ ಕೊರಗತಾರ, ಅಂದ್ಲು."

ಅವನನ್ನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂಬಾಗಿಲಿನಿಂದ ಕಾರ್ಯಾಲಯದ ಅಧ್ಯಕ್ಷರು ಬಂದರು. ನಿವೃತ್ತರಾದ ಡ್ರಿಲ್ ಮಾಸ್ತರರು, ಈಗಲೂ ಮೈದಾನದಲ್ಲಿ ನಿಂತಂತೆಯೇ ಮಾತು. ಮೈಕ್ ಚಾಲೂ ಇತ್ತು. ಅವರೇ ಎರಡು ಮಾತು ಆಡಿ, ಕೆಳಗಿಳಿದು, "ಸಿಸ್ಟಮ್ ಛಲೋ ಐತ್ರಿ. ಖರೇ ಆವಾಜ ಒಂದು ಜರಾ ಕಮ್ಮಿ ಅನಸ್ತೈತಿ" ಎಂದರು. ಅಳಿಯ ನನ್ನ ಮುಖ ನೋಡಿದ. ಆಮೇಲೆ ತಾನೇ ಕೆಂಪು ಟೊಪ್ಪಿಗೆ ತೋರಿಸಿದ. ಮಾಸ್ತರರು ತಿರುಗಿಸಿದರು, ಕತ್ತು ಓರೆ ಮಾಡಿದರು, ಅವರ ಮುಖದಲ್ಲಿ ಅದೇ ಸಂತೋಷ ಬಂತು.

"ಹಾಂ! ಈಗ ಬರೋಬ್ಬರಿ ಆತು."

ಇಷ್ಟು ವರ್ಷ ಈ ಮುಖ ನೋಡಿ ನಾವಿಬ್ಬರೂ ಗಾಡಿಯಲ್ಲಿ ನಕ್ಕಿದ್ದೇವೆ. ಅಂದು ಮಾತ್ರ ನನಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ಒಂದು ವರ್ಷದಿಂದ ನಾನು ಹಾಲ್ ತುಂಬ ತಿರುಗಾಡಿ, ಕತ್ತು ಓರೆ ಮಾಡಿ ಚುಕ್ಕೆ ಏರಿಸುವಾಗ ನನ್ನ ಮುಖವೂ ಹೀಗೆಯೇ ಇತ್ತಲ್ಲ. ಅಳಿಯ ಅದನ್ನು ನೋಡಿದ್ದಾನೆ, ನಗದೆ ನೋಡಿದ್ದಾನೆ. ನಕ್ಕಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮನೆಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದೆ. ಅಕ್ಕ ತಮ್ಮ ಸೇರಿ ನನ್ನನ್ನು ಹುಚ್ಚನನ್ನಾಗಿ ಮಾಡಿದಿರಿ, ಊರೆಲ್ಲ ನಗುತ್ತಿರಬೇಕು, ಇನ್ನೇನೇನು ಮುಚ್ಚಿಟ್ಟಿದ್ದೀರಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ತಾಟು ಒರೆಸುತ್ತ ಕೇಳಿದಳು. ಆಮೇಲೆ ಆ ಎತ್ತರದ ದನಿಯಲ್ಲೇ ಅಂದಳು, "ನಿಮಗ ಕೆಲಸಾ ಅಂದ್ರ ಜೀವ. ನಾ ಹೆಂಗ ಹೇಳ್ಲಿ?"

"ಒದರಬ್ಯಾಡ" ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ತಾಟು ಗೂಡಿನಲ್ಲಿಟ್ಟು ಹಿತ್ತಲಿಗೆ ಹೋದಳು.

ನನಗೆ ಅಷ್ಟಕ್ಕೆ ನಂಬಿಕೆ ಬರಲಿಲ್ಲ. ಮರುದಿನ ನಮ್ಮ ಗೋದಾಮಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಬಾಕ್ಸಿಗೆ ಪರೀಕ್ಷೆಯ ಸದ್ದು ಹಚ್ಚಿದೆ. ದಪ್ಪದಿಂದ ಶುರುವಾಗಿ ಸಣ್ಣಗೆ ಸಣ್ಣಗೆ ಮೇಲೇರುತ್ತ ಹೋಗುವ ಒಂಟಿ ಸೀಟಿಯ ಸದ್ದು ಅದು. ನಡುವಿನವರೆಗೂ ಚೆನ್ನಾಗಿ ಬಂತು. ಆಮೇಲೆ ಬಡಕಲಾಯಿತು. ಆಮೇಲೆ ನಿಂತುಹೋಯಿತು. ಪ್ರೊಸೆಸರಿನ ಹಸಿರು ದೀಪ ಮಾತ್ರ ಕುಣಿಯುತ್ತಲೇ ಇತ್ತು. ಸದ್ದು ಹೋಗುತ್ತಿದೆ ಎಂದು ದೀಪ ಹೇಳುತ್ತಿದೆ, ನನಗೆ ಏನೂ ಇಲ್ಲ. ವಾಯರು ಬದಲಿಸಿದೆ. ಬಾಕ್ಸ್ ಬದಲಿಸಿದೆ. ಟ್ವೀಟರಿನ ಮುಂದೆ ಕೈ ಹಿಡಿದೆ, ಅದರಿಂದ ಏನು ತಿಳಿಯುತ್ತದೆ!

ಆಗ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ ಈ ಬಾಕ್ಸುಗಳ ಟ್ವೀಟರುಗಳನ್ನೆಲ್ಲ ನಾನು ಬದಲಿಸಿದ್ದೆ. ದಿನದಿಂದ ದಿನಕ್ಕೆ ಮಬ್ಬಾಗುತ್ತಿವೆ, ಅಂಗಡಿಯವನು ಡುಪ್ಲಿಕೇಟ್ ಮಾಲು ತಗುಲಿಸಿದ್ದಾನೆ ಎಂದು ಅವನೊಂದಿಗೆ ಜಗಳವಾಡಿ ಹೊಸವು ತಂದು ಕೂರಿಸಿದ್ದೆ. ಅವೂ ಮಬ್ಬೇ ಎಂದು ಗೊಣಗಿದ್ದೆ. ಪಾಪ, ಒಳ್ಳೆಯ ಟ್ವೀಟರುಗಳು ಗೋದಾಮಿನ ಮೂಲೆಯಲ್ಲಿ ಗೋಣಿಚೀಲದಲ್ಲಿ ಬಿದ್ದಿದ್ದವು. ಅವುಗಳ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆನೆಂದು ಹೇಳಲು ಸಂಕೋಚವಿಲ್ಲ.

ಅಳಿಯ ಬಂದಾಗ ಲ್ಯಾಪ್‌ಟಾಪನ್ನು ಅವನ ಕಡೆ ಸರಿಸಿದೆ.

"ಬಲಗಡೆ ಚುಕ್ಕಿ ಇನ್ನ ಮ್ಯಾಲ ನಿಂದು. ನಾ ಚಾಕ್ಕ ಹೋಗೂ ತನಕಾ ಕಾಯಬ್ಯಾಡ."

ಅವನು ತಲೆ ತಗ್ಗಿಸಿ ನಿಂತ. "ಡಿಲೇ ನಿಮ್ದ ರೀ ಮಾಮಾ. ಅದು ನನಗ ಬರಂಗಿಲ್ಲ" ಎಂದ. ಅದೂ ಅವನಿಗೆ ಬರುತ್ತದೆ ಎಂದು ನನಗೆ ಗೊತ್ತು. ಇರಲಿ ಎಂದೆ.

ಕಿವಿ ತೋರಿಸಲು ಬೆಳಗಾವಿಯ ಒಂದು ದವಾಖಾನೆಗೆ ಹೋದದ್ದು ಅದಾದ ಮೇಲೆ. ಹೆಂಡತಿ ಬರುತ್ತೇನೆ ಎಂದಳು, ನಾನೇ ಬೇಡವೆಂದೆ. ಪರೀಕ್ಷೆ ಮಾಡುವ ಹುಡುಗಿ ನನ್ನನ್ನು ಒಂದು ಕಪಾಟಿನಷ್ಟು ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟಳು. "ಸಪ್ಪಳಾ ಕೇಳಿಸಿದ ಕೂಡ್ಲೇ ಒತ್ರಿ ಸರ್." ಗೋಡೆಗಳಿಗೆ ದಪ್ಪ ಸ್ಪಂಜು. ಇಷ್ಟು ಚೆನ್ನಾಗಿ ಕಟ್ಟಿದ ಕೋಣೆಯಲ್ಲಿ ಕೆಲಸ ಮಾಡುವ ಯೋಗ ನನಗೆ ಒಂದು ದಿನವೂ ಬರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಕೆಲವು ಸದ್ದಿಗೆ ಒತ್ತಿದೆ. ಕೆಲವು ಇದ್ದಿರಬೇಕು ಎಂಬ ಅನುಮಾನಕ್ಕೆ ಒತ್ತಿದೆ. ಹೊರಗೆ ಬಂದ ಮೇಲೆ ಅವಳು ಕಂಪ್ಯೂಟರಿನಲ್ಲಿ ಗೆರೆ ತೋರಿಸಿದಳು. ಎಡಗಡೆ ಸಪಾಟು, ನಡುವೆ ಒಂದು ತಿರುವು, ಅಲ್ಲಿಂದ ಬಲಕ್ಕೆ ಕಣಕುಂಬಿ ದಾಟಿದ ಮೇಲೆ ಗೋವಾ ಕಡೆ ಘಾಟಿ ಇಳಿದ ಹಾಗೆ ಒಂದೇ ಸಮ ಇಳಿಜಾರು. ಅವಳು ವಿವರಿಸಲು ಶುರು ಮಾಡಿದಳು, ನಾನು ಕೈ ತೋರಿಸಿ ನಿಲ್ಲಿಸಿದೆ. ಈ ಗೆರೆ ನನಗೆ ಹೊಸದಲ್ಲ. ಬೇಸ್ ಬಾಕ್ಸಿಗೆ ತೆಳ್ಳಗಿನ ಸದ್ದು ಹೋಗದಿರಲೆಂದು ಪ್ರೊಸೆಸರಿನಲ್ಲಿ ದಿನವೂ ನಾನೇ ಎಳೆಯುವ ಗೆರೆ ಅದು.

"ಗಂಡಸರ ದನಿ ನಿಮಗ ಹೆಚ್ಚು ಕಮ್ಮಿ ಸಿಗತೈತ್ರಿ ಸರ್" ಎಂದಳು. "ಹೆಣ್ಮಕ್ಕಳು ಸಾವಕಾಶ ಮಾತಾಡಿದ್ರ ಸಿಗಂಗಿಲ್ಲ. ಮನ್ಯಾಗ ಹಂಗ ಯಾರರ ಮೆತ್ತಗ ಮಾತಾಡೋರು ಅದಾರೇನ್ರಿ?"

ನನಗೆ ನಗು ಬಂತು. "ನಮ್ಮ ಮನ್ಯಾಗೇನವಾ? ಇಲ್ಲ. ನಮ್ಮ ಮನ್ಯಾಗ ಮೆತ್ತಗ ಮಾತಾಡೋರು ಯಾರೂ ಇಲ್ಲ."

ಆಮೇಲೆ ಕಿವಿಯ ಹಿಂದೆ ಕೂರುವ ಯಂತ್ರ ತೆಗೆದಳು. ಹುಣಸೆ ಬೀಜದಷ್ಟಿತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸಿ ಹೊಂದಿಸಲು ಕೂತಳು. ಪರದೆಯ ಮೇಲೆ ಗೆರೆ, ಗೆರೆಯ ಮೇಲೆ ಚುಕ್ಕೆಗಳು. ಜೋರು ಸದ್ದನ್ನು ತಡೆಯುವ ಲಿಮಿಟರ್ ಕೂಡ ಇತ್ತು. ಇಷ್ಟು ವರ್ಷ ನಾನು ಗಾಡಿಯಲ್ಲಿ ಹೇರಿಕೊಂಡು ತಿರುಗಿದ ಪೆಟ್ಟಿಗೆಯೇ ಅದು. ಈ ಸಲ ಸ್ಪೀಕರ್ ಇದ್ದ ಜಾಗದಲ್ಲಿ ನಾನಿದ್ದೆ.

"ಬಲಗಡೆ ಇನ್ನಷ್ಟು ಏರಿಸ್ರಿ" ಎಂದೆ.

"ಮೊದಲ ಇಷ್ಟ ಇರ್ಲಿ ಸರ್. ಕಿವಿಗಿ ರೂಢಿ ಆಗ್ಲಿ." ಅಧ್ಯಕ್ಷರಿಗೆ ನಾನು ಹೇಳುವ ಧಾಟಿಯೇ. ಆಮೇಲೆ ಯಂತ್ರದ ಮೇಲಿನ ಕಾಳಿನಷ್ಟು ಬಟನ್ ತೋರಿಸಿ, "ಕಮ್ಮಿ ಅನಸಿದ್ರ ಇದನ್ನ ಒತ್ರಿ, ವಾಲ್ಯೂಮ್ ಏರತೈತಿ" ಎಂದಳು.

"ಇದು ಖರೇ ಏರಸತೈತೇನ್ರಿ?"

ಅವಳಿಗೆ ಅರ್ಥವಾಗಲಿಲ್ಲ. "ಖರೇನ ಏರಸತೈತ್ರಿ ಸರ್" ಎಂದು ನಕ್ಕಳು. ನಾನು ಎರಡು ಸಲ ಒತ್ತಿ ನೋಡಿ, ನಂಬಿ, ಎದ್ದೆ.

ಹೊರಗೆ ಬಂದರೆ ಸಾಕೋ ಸಾಕು. ಬಸ್ಸಿನ ಹಾರ್ನ್ ತಲೆಯೊಳಗೆ ಹೊಕ್ಕಿತು. ನನ್ನದೇ ಚಪ್ಪಲಿಯ ಸದ್ದಿಗೆ ಯಾರೋ ಹಿಂದೆ ಬರುತ್ತಿದ್ದಾರೆ ಎಂದು ತಿರುಗಿ ನೋಡಿದೆ. ಬಸ್ ಹತ್ತಿದರೆ ಪಕ್ಕದ ಸೀಟಿನವನು ಪ್ಲಾಸ್ಟಿಕ್ ಚೀಲದಿಂದ ಚುರುಮುರಿ ತೆಗೆದು ತಿನ್ನುತ್ತಿದ್ದ, ಬೆಂಕಿ ಹತ್ತಿದ ಹುಲ್ಲಿನ ಸದ್ದು ಅದು. ಜಗತ್ತಿನಲ್ಲಿ ಕೇಳಿಸಿಕೊಳ್ಳಬೇಕಾದದ್ದು ಇಷ್ಟೇ ಏನು? ಇದಕ್ಕಾಗಿ ನಾನು ಆ ಗೋದಾಮಿನ ನೆಲದ ಮೇಲೆ ಕೂತು ಅತ್ತೆನೇ? ಪೀರನವಾಡಿಯಲ್ಲಿ ಇಳಿಯುವ ಹೊತ್ತಿಗೆ ಎರಡೂ ಕಿವಿಯ ಯಂತ್ರಗಳನ್ನು ಕಿತ್ತು ಜೇಬಿಗೆ ಹಾಕೋಣವೆನ್ನಿಸಿತ್ತು. ರೂಢಿಯಾಗಲಿ ಎಂದ ಹುಡುಗಿಯ ಮಾತಿಗೆ ಬೆಲೆ ಕೊಟ್ಟು ಹಾಗೆಯೇ ಇರಲು ಬಿಟ್ಟೆ.

ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನನಗೆ ಯಾವಾಗಲೂ ಕೇಳುತ್ತಿತ್ತು. ಅದರ ಜೊತೆಗೇ ಇದ್ದ ಬಳೆಯ ಸದ್ದು ಎಷ್ಟೋ ಕಾಲದ ಮೇಲೆ ಕೇಳಿತು. ಅವಳು ಗಾಜಿನ ಬಳೆ ಹಾಕುವುದು ಬಿಟ್ಟಿದ್ದಾಳೆಂದೇ ನಾನು ತಿಳಿದಿದ್ದೆ. ಪಡಸಾಲೆಯ ಕುರ್ಚಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದೆ. ಸುಸ್ತಾಗಿತ್ತು.

"ಬಂದ್ರೇನು? ಬಾಳ ದಣದೀರಿ, ಜರಾ ಹಂಗ ಕುಂದರ್ರಿ. ಬಿಸಿ ರೊಟ್ಟಿ ಹಾಕ್ತೀನಿ, ಎರಡು ತುತ್ತು ಉಂಡು ಮಲಕೋರಿ."

ಕಣ್ಣು ತೆರೆದೆ. ಯಾರೋ ಬಂದಿರಬೇಕು, ಅವರ ಜೊತೆ ಮಾತಾಡುತ್ತಿರಬೇಕು ಎಂದುಕೊಂಡೆ. ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆ ಮನೆಯ ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಮಲಗಿದ ಮಗುವಿಗೆ ಹೇಳಿದಷ್ಟು ಮೆಲ್ಲಗಿನ ದನಿ ಅದು. ಮದುವೆಯಾದ ಹೊಸದರಲ್ಲಿ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತಿದ್ದ ಆ ದನಿ ಎಲ್ಲಿಗೂ ಹೋಗಿರಲಿಲ್ಲ.

ಉತ್ತರ ಕೊಡಬೇಕಿತ್ತು. ಆ ದನಿ ಇನ್ನೊಮ್ಮೆ ಬರುತ್ತದೇನೋ ಎಂದು ಕಿವಿಗೊಟ್ಟು ಕೂತೆ.

ಅವಳು ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಉಸಿರು ಎಳೆದುಕೊಂಡಳು. ಆಮೇಲೆ ಎದುರು ಮನೆಗೆ ಕೇಳುವ ಹಾಗೆ ಬಂತು.

"ಊಟಕ್ಕ ಏಳ್ರಿ ಅಂದ್ನಿ!"

ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದೆ. ಅಲ್ಲಿ ಸಿಟ್ಟು ಇರಲಿಲ್ಲ, ಬೇಸರವೂ ಇರಲಿಲ್ಲ. ಒಲೆ, ಹಿಟ್ಟು, ಬೆವರು, ಅಷ್ಟೇ. ದಿನವೂ ಹೀಗೆಯೇ ನಡೆದಿದೆ. ಮೊದಲು ಮನಸ್ಸಿನಲ್ಲಿದ್ದುದನ್ನೆಲ್ಲ ಮೆಲ್ಲಗೆ ಹೇಳುವಳು, ನನ್ನಿಂದ ಉತ್ತರ ಬರದಿದ್ದಾಗ ಅದನ್ನೇ ಗಿಡ್ಡ ಮಾಡಿ ಕೂಗುವಳು. ನಾನು ಆ ಎರಡನೆಯದನ್ನು ಮಾತ್ರ ಕೇಳುತ್ತ, ಹೆಂಡತಿಯ ನಾಲಿಗೆ ಹರಿತವಾಯಿತು ಎಂದು ಊರ ಮುಂದೆ ಆಡಿಕೊಂಡಿದ್ದೆ. ಊರಿನ ಹಾಲುಗಳಲ್ಲೆಲ್ಲ ಒಂದೇ ಮಾತು ಎರಡು ಸಲ ಬರದ ಹಾಗೆ ನೋಡಿಕೊಂಡವನ ಮನೆಯಲ್ಲಿ ಪ್ರತಿಯೊಂದು ಮಾತೂ ಎರಡು ಸಲ ಬಂದಿದೆ. ಕಳೆದುಹೋದ ಆ ಮೊದಲನೆಯವುಗಳಲ್ಲಿ ಏನೇನಿತ್ತೋ! ಅವನ್ನು ಈಗ ಯಾರನ್ನು ಕೇಳಲಿ? ಅವಳಿಗೂ ನೆನಪಿರಲಾರದು.

ಮಣೆ ಹಾಕಿಕೊಂಡು ಕೂತೆ. ಕಿವಿಯ ಹಿಂದಿನ ಯಂತ್ರವನ್ನು ಅವಳು ಇನ್ನೂ ನೋಡಿರಲಿಲ್ಲ. ರೊಟ್ಟಿ, ಪಲ್ಯ ಬಡಿಸಿ ಮತ್ತೆ ಒಲೆಯ ಕಡೆ ತಿರುಗಿದಳು. ನಾನು ಒಂದು ತುತ್ತು ಬಾಯಿಗಿಟ್ಟೆ.

"ಪಲ್ಯಾಕ ಉಪ್ಪು ಸಾಲಲಿಲ್ಲೇನೋ" ಎಂದು ತನ್ನಷ್ಟಕ್ಕೆ ಅಂದಂತೆ ಅಂದಳು.

"ಬರೋಬ್ಬರಿ ಐತಿ" ಎಂದೆ.

ಎರಡನೇ ಸಲ ಕೂಗಲು ಆಗಲೇ ಉಸಿರೆಳೆದುಕೊಂಡು ತಿರುಗಿದ್ದವಳು, ತೆರೆದ ಬಾಯಿ ತೆರೆದಂತೆಯೇ ನಿಂತಳು.